ಹಬೆಯ ಜಿಪುಣಿ

ವರ್ನಾ ಹಾವ್ರಿಶ್ ಜಿಪುಣಿ. ಮಿತವ್ಯಯಿ, ಲೆಕ್ಕಾಚಾರದವಳು ಎಂದೆಲ್ಲ ನಯವಾದ ಮಾತು ಹುಡುಕುವ ಅಗತ್ಯವಿಲ್ಲ. ಚಹಾದ ಚೀಲವನ್ನು ಎರಡು ಸಲ ಅದ್ದಿ, ಮೂರನೆಯ ಸಲಕ್ಕೆಂದು ತಟ್ಟೆಯ ಅಂಚಿನಲ್ಲಿ ಒಣಗಲು ಇಡುವ ಹೆಂಗಸು. ಹೊಗಳಿಕೆಯ ವಿಷಯದಲ್ಲಿ ಕೈ ಇನ್ನೂ ಬಿಗಿ. ಲಾಕ್ ಲಾ ಬಿಷ್ ಪಟ್ಟಣದ ಉತ್ತರಕ್ಕೆ, ಕಾಡಿನ ನಡುವೆ ಇದ್ದ ಎಣ್ಣೆ ಸ್ಥಾವರದಲ್ಲಿ ಆಕೆ ಹಬೆಯ ಮುಖ್ಯಸ್ಥೆಯಾಗಿದ್ದಷ್ಟು ವರ್ಷವೂ ಯಾರಿಗಾದರೂ ‘ಚೆನ್ನಾಗಿ ಮಾಡಿದೆ’ ಎಂದದ್ದನ್ನು ಕೇಳಿದವರಿಲ್ಲ. ಕೆಲಸ ಸರಿಯಾಗಿದ್ದರೆ ಮುಂದಿನ ಕೆಲಸ ಹೇಳುತ್ತಿದ್ದಳು. ಸರಿಯಿಲ್ಲದಿದ್ದರೆ ಅದನ್ನೇ ಮತ್ತೆ ಹೇಳುತ್ತಿದ್ದಳು.

ಆಕೆಯ ಕೈಕೆಳಗೆ ಎಣ್ಣೆ ಬಾವಿಗಳ ನಾಲ್ಕನೆಯ ಕಟ್ಟೆಯನ್ನು ನೋಡಿಕೊಳ್ಳುತ್ತಿದ್ದ ಲೂಸಿಯನ್ ಡೆಜಾರ್ಲೆಗೆ ಈ ವಿಷಯದಲ್ಲಿ ಸಂದೇಹವೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆಕೆ ಅವನ ಅಂಗೈಗೆ ಡಾಂಬರು ಮರಳಿನ ಒಂದು ಹೆಂಟೆ ಇಟ್ಟಿದ್ದಳು. ಹೊರಗೆ ಹಿಮ ಸುರಿಯುತ್ತಿತ್ತು. ಹೆಂಟೆ ಕಲ್ಲಿನಷ್ಟು ಗಟ್ಟಿ.

“ಹಿಂಡು,” ಎಂದಳು.

ಲೂಸಿಯನ್ ಹಿಂಡಿದ. ಬೆರಳು ನೋಯಿತೇ ಹೊರತು ಏನೂ ಬರಲಿಲ್ಲ.

ಆಕೆ ಹೆಂಟೆಯನ್ನು ಬಿಸಿನೀರಿನ ಡಬ್ಬಿಗೆ ಹಾಕಿ ಕಾದಳು. ಮರಳು ಕೆಳಗೆ ಕೂತು, ಕಪ್ಪಗಿನ ಜಿಡ್ಡು ಮೇಲಕ್ಕೆ ಬಂತು. “ಈಗ ಹೇಳು. ಈ ಎಣ್ಣೆ ಕೊಟ್ಟಿದ್ದು ಯಾರು?”

“ನೆಲ.”

“ನೆಲ ನಿನಗೆ ಕಲ್ಲು ಕೊಟ್ಟಿತ್ತು. ಎಣ್ಣೆ ಕೊಟ್ಟಿದ್ದು ಬಿಸಿನೀರು. ನೀರು ಕಾಯಿಸಿದ್ದು ಗ್ಯಾಸು. ನಾವು ಎಣ್ಣೆ ಮಾರೋರು ಅಂತ ಊರಲ್ಲಿ ಹೇಳ್ಕೊಂಡು ತಿರುಗಬೇಡ. ನಾವು ಬಿಸಿ ಕೊಳ್ಳೋರು. ಕೊಂಡಿದ್ದನ್ನ ಚೆಲ್ಲದೆ ಇದ್ರೆ ಎಣ್ಣೆ ತಾನಾಗೇ ಬರುತ್ತೆ.” ಇಷ್ಟು ಹೇಳಿ, ಡಬ್ಬಿಯಲ್ಲಿ ಉಳಿದ ಬೆಚ್ಚನೆಯ ನೀರಿನಲ್ಲಿ ಚಿಂದಿ ಅದ್ದಿ ತನ್ನ ಬೂಟು ಒರೆಸಿಕೊಂಡಳು.

ವರ್ನಾ ಬೆಳೆದದ್ದು ಸ್ಮೋಕಿ ಲೇಕ್ ಕಡೆಯ ಒಂದು ಗೋಧಿ ಹೊಲದ ಮನೆಯಲ್ಲಿ. ಅಜ್ಜ ಅಜ್ಜಿ ಉಕ್ರೇನಿನಿಂದ ಬಂದು ಕಾಡು ಕಡಿದು ನೆಲೆಸಿದವರು. ಮನೆಗೆಲ್ಲ ಒಂದೇ ಒಲೆ. ಬ್ರೆಡ್ಡು ಬೇಯುವುದೂ, ಬೀಟ್‌ರೂಟಿನ ಸಾರು ಕುದಿಯುವುದೂ, ಮಕ್ಕಳ ಕಾಲುಚೀಲ ಒಣಗುವುದೂ ಅದರಲ್ಲೇ. ಒಲೆಯ ಬಾಗಿಲನ್ನು ಯಾರಾದರೂ ಸುಮ್ಮನೆ ತೆರೆದಿಟ್ಟರೆ ತಾಯಿ ಸೌಟಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದಳಂತೆ. ಮುಂದೆ ವರ್ನಾ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಬಾಯ್ಲರಿಗೆ ಕಾವಲು ಕೂತಳು. ಆಮೇಲೆ ಒಂದು ಬೆಣ್ಣೆ ಕಾರ್ಖಾನೆ. ರಾತ್ರಿ ಪಾಳಿಯ ನಡುವೆ ಓದಿ ಒಂದೊಂದೇ ಪರೀಕ್ಷೆ ಮುಗಿಸಿದಳು. ಹಬೆಯ ಕೆಲಸದಲ್ಲಿ ಮೊದಲ ದರ್ಜೆಯ ಪರವಾನಗಿ ಸಿಕ್ಕಾಗ ಆಕೆಯ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಆ ಪತ್ರಕ್ಕೆ ಚೌಕಟ್ಟು ಹಾಕಿಸಲಿಲ್ಲ. ಗೋಡೆಗೆ ಎರಡು ಮೊಳೆ ಹೊಡೆದು ಸಿಕ್ಕಿಸಿದಳು. ಆ ಎರಡು ಮೊಳೆಯೂ ಹಳೆಯವು.

ಸ್ಥಾವರದ ಕೆಲಸ ಹೇಳಿದರೆ ಸರಳ. ಕಾಡಿನ ಕೆಳಗೆ, ಬಹಳ ಆಳದಲ್ಲಿ, ಡಾಂಬರಿನಿಂದ ಅಂಟಿಕೊಂಡ ಮರಳಿನ ಹಾಸು. ಅದರೊಳಗೆ ಒಂದರ ಕೆಳಗೊಂದು ಎರಡು ಕೊಳವೆಗಳನ್ನು ಅಡ್ಡಲಾಗಿ ಮಲಗಿಸುತ್ತಾರೆ. ಮೇಲಿನದರಲ್ಲಿ ಹಬೆ ಹೋಗುತ್ತದೆ. ಬಿಸಿಗೆ ಡಾಂಬರು ಕರಗಿ ಕೆಳಗಿನದಕ್ಕೆ ತೊಟ್ಟಿಕ್ಕುತ್ತದೆ. ಪಂಪು ಅದನ್ನು ಮೇಲೆತ್ತುತ್ತದೆ. ಇಂಥ ಹಲವು ಜೋಡಿಗಳ ಬಾಯಿ ಒಂದೇ ಕಡೆ ನೆಲದಿಂದ ಹೊರಬರುವ ಜಾಗವೇ ಕಟ್ಟೆ. ಒಂದು ಪೀಪಾಯಿ ಎಣ್ಣೆ ಬರಲು ಮೂರು ಪೀಪಾಯಿ ನೀರನ್ನು ಹಬೆ ಮಾಡಿದರೆ ಎಲ್ಲರೂ ಉಣ್ಣಬಹುದು. ನಾಲ್ಕು ಮಾಡಿದರೆ ಬಾಯ್ಲರು ಮಾತ್ರ ಉಣ್ಣುತ್ತದೆ. ಬಂದ ಎಣ್ಣೆಯೂ ಹಾಗೆಯೇ ಹರಿಯುವಂಥದ್ದಲ್ಲ. ತೆಳ್ಳನೆಯ ಎಣ್ಣೆ ಕೊಂಡು ತಂದು ಬೆರೆಸಿ, ದೂರದ ದಕ್ಷಿಣಕ್ಕೆ ಕಳಿಸಬೇಕು. ಅಲ್ಲಿ ಕೊಳ್ಳುವವರು ಇದನ್ನು ಭಾರ, ಕೊಳಕು ಎಂದು ಮೂಗು ಮುರಿದು ಬೆಲೆ ಇಳಿಸುತ್ತಾರೆ. ಎಣ್ಣೆಯ ಬೆಲೆ ಸ್ಥಾವರದವರ ಕೈಯಲ್ಲಿಲ್ಲ, ಗ್ಯಾಸಿನ ಬೆಲೆಯೂ ಇಲ್ಲ. ಅವರ ಕೈಯಲ್ಲಿ ಇರುವುದು ಆ ಮೂರು ನಾಲ್ಕರ ಲೆಕ್ಕವೊಂದೇ. ಅದನ್ನು ಕಾಯಲು ಜಿಪುಣಿಯೇ ಬೇಕು. ಕಂಪನಿ ಬುದ್ಧಿವಂತಿಕೆಯಿಂದ ಮಾಡಿದ ಕೆಲವೇ ಕೆಲಸಗಳಲ್ಲಿ ವರ್ನಾಳನ್ನು ಅಲ್ಲಿ ಕೂರಿಸಿದ್ದು ಒಂದು.

ಎಣ್ಣೆಯ ಬೆಲೆ ನೆಲ ಕಚ್ಚಿದ ಆ ಚಳಿಗಾಲದಲ್ಲಿ, ಜನವರಿ ಮುಗಿಯುವ ಮುಂಚೆ, ಕ್ಯಾಲ್ಗರಿಯ ಕಚೇರಿಯಿಂದ ಡಂಕನ್ ಮೋವಟ್ ಫೋನು ಮಾಡಿದ. ಕಟ್ಟೆಗಳ ಹಣೆಬರಹ ಬರೆಯುವವನು ಅವನು. ಕೆಟ್ಟ ಮನುಷ್ಯನಲ್ಲ; ಮೇಲಿನವರು ಬೈದದ್ದನ್ನು ಕೆಳಗೆ ಕಳಿಸುವ ಮೊದಲು ಸ್ವಲ್ಪ ಸೋಸುತ್ತಿದ್ದ. ನಿಯಂತ್ರಣ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ವರ್ನಾ ಫೋನನ್ನು ಮೇಜಿನ ಮೇಲಿಟ್ಟಳು. ಲೂಸಿಯನ್ ಬಾಗಿಲ ಹತ್ತಿರ ನಿಂತಿದ್ದ.

“ವರ್ನಾ, ನಾಲ್ಕನೇ ಕಟ್ಟೆ ನಮ್ಮನ್ನ ತಿಂದು ಹಾಕ್ತಾ ಇದೆ. ನಾಲ್ಕೂವರೆಗೆ ಹೋಗಿದೆ ಲೆಕ್ಕ.”

“ಹಸಿವು ಹತ್ತಿಸಿದ್ದು ನೀವೇ. ಹೋದ್ ವರ್ಷ ಗ್ಯಾಸು ಉಳಿಸ್ತೀವಿ ಅಂತ ಅದರ ಹಬೆ ನಿಲ್ಲಿಸಿದ್ರಿ. ತಣ್ಣಗಾದ ನೆಲ ಈಗ ಮತ್ತೆ ಕಾಯ್ಬೇಕಲ್ಲ.”

“ಆಗಿದ್ದು ಆಯ್ತು. ಈಗ ಪೂರ್ತಿ ನಿಲ್ಲಿಸಿದ್ರೆ ಎಷ್ಟು ಉಳಿಯುತ್ತೆ ಗೊತ್ತಾ?”

“ಗೊತ್ತು. ಅಷ್ಟೂ ವರ್ಷ ಸುಟ್ಟ ಗ್ಯಾಸು ಆ ನೆಲದೊಳಗೆ ಬಿಸಿಯಾಗಿ ಕೂತಿದೆ, ಅದು ಹೋಗುತ್ತೆ ಅನ್ನೋದೂ ಗೊತ್ತು. ಬ್ರೆಡ್ಡು ಅರ್ಧ ಬೆಂದಿರೋವಾಗ ಒಲೆ ಆರಿಸಿ, ಸೌದೆ ಉಳೀತು ಅಂತ ಕುಣಿಯೋರನ್ನ ನೀವು ನೋಡಿದ್ದೀರಾ, ಡಂಕನ್?”

ಆ ಕಡೆ ನಗು ಕೇಳಿತು, ನಂತರ ನಿಟ್ಟುಸಿರು. “ಫೆಬ್ರವರಿ ತಿಂಗಳ ಸರಾಸರಿ ನಾಲ್ಕರ ಒಳಗೆ ತಂದು ತೋರ್ಸಿ. ಆಗ ನಾನು ಇಲ್ಲಿ ಬಾಯಿ ಬಿಡಬಹುದು. ಇಲ್ಲಾಂದ್ರೆ ಕಟ್ಟೆ ಮುಚ್ಚುತ್ತೆ, ಎರಡನೇ ಬಾಯ್ಲರು ಆರುತ್ತೆ, ಒಂದು ಪಾಳಿಯ ಜನ ಮನೆಗೆ ಹೋಗ್ತಾರೆ.”

ಮನೆಗೆ ಹೋಗುವವರಲ್ಲಿ ಮೊದಲ ಹೆಸರು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ಸೇರಿದವನು ಲೂಸಿಯನ್. ಅದಕ್ಕೂ ಮುಂಚೆ ಅವನು ದೂರದೂರದ ಶಿಬಿರಗಳಲ್ಲಿ ದುಡಿದಿದ್ದ: ವಾರಗಟ್ಟಲೆ ಪೆಟ್ಟಿಗೆಯಂಥ ಕೋಣೆ, ಪಕ್ಕದ ಗೋಡೆಯಿಂದ ಅಪರಿಚಿತನ ಕೆಮ್ಮು. ಈ ಸ್ಥಾವರ ಅವನ ಸರೋವರದ ದಂಡೆಯಿಂದ ಒಂದು ಹರದಾರಿ. ಮೂಲನಿವಾಸಿಗಳೂ ಫ್ರೆಂಚರೂ ಬೆರೆತು ಹುಟ್ಟಿದ ಅವನ ಮೇಟಿ ಜನ ತಲೆತಲಾಂತರದಿಂದ ಮೀನು ಹಿಡಿದ, ಬೋನು ಹೂಡಿದ ನೆಲ. ಸಂಜೆ ಸ್ವಂತ ಹಾಸಿಗೆಯಲ್ಲಿ ಮಲಗಬಹುದಾದ ಕೆಲಸ ಆ ಸೀಮೆಯಲ್ಲಿ ಇದೊಂದೇ. ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ಮತ್ತೆ ಚೀಲ ಕಟ್ಬೇಕಾ?”

“ಇನ್ನೂ ಇಲ್ಲ,” ಎಂದ.

ಮಾರನೆಯ ದಿನದಿಂದ ವರ್ನಾ ಬಿಗಿ ಮಾಡತೊಡಗಿದಳು. ಒಂದನೆಯ ಕಟ್ಟೆಯ ಹಳೆಯ ಬಾವಿಗಳು ಚೆನ್ನಾಗಿ ಕಾದು, ಕೂತು ತಿನ್ನುವ ವಯಸ್ಸಿಗೆ ಬಂದಿದ್ದವು. ಅವುಗಳ ಪಾಲಿನಿಂದ ದಿನಕ್ಕೆ ಸ್ವಲ್ಪದಂತೆ ಹಬೆ ಕಡಿಮೆ ಮಾಡಿದಳು, ಅವು ಗೊಣಗಲಿಲ್ಲ. ಬಾಯ್ಲರಿನಿಂದ ಹೊರಹೋಗುವ ಕೊಳಕು ಬಿಸಿನೀರಿನ ಶಾಖವನ್ನು ಒಳಬರುವ ತಣ್ಣೀರಿಗೆ ದಾಟಿಸುವ ಹಳೆಯ ಯಂತ್ರವೊಂದು ಕೆಟ್ಟು ಮೂಲೆ ಸೇರಿತ್ತು. ಅದನ್ನು ಬಿಚ್ಚಿಸಿ, ಒಳಗೆ ಕಟ್ಟಿದ್ದ ಸುಣ್ಣವನ್ನು ತಾನೇ ಮೊಣಕಾಲೂರಿ ಕೂತು ಕೆರೆದಳು. ಅಡಿಗೆಮನೆಯವನು ಬಾಗಿಲು ತೆರೆದಿಟ್ಟು ಸಿಗರೇಟು ಸೇದಿದ್ದಕ್ಕೆ ಅವನಿಗೂ ಬೈಗುಳ. “ನನ್ನ ಅಡಿಗೆಮನೆ ನಿನ್ನ ಬಾಯ್ಲರಿಗೆ ಸೇರಿದ್ದಲ್ಲ, ತಾಯಿ,” ಎಂದ ಅವನು. “ಬಿಸಿಗೆ ಅದು ಗೊತ್ತಿಲ್ಲ,” ಎಂದಳು ವರ್ನಾ.

ಲೆಕ್ಕ ಇಳಿಯತೊಡಗಿತು. ಆದರೆ ಚಳಿಗಾಲದ ಹಗಲು ಬೆಳೆಯುವಂತೆ, ಕಣ್ಣಿಗೆ ಕಾಣದಷ್ಟು ನಿಧಾನ. ಲೂಸಿಯನ್‌ಗೆ ತಡೆಯಲಾಗಲಿಲ್ಲ. ಹಬೆ ಕಡಿಮೆ ಮಾಡುವುದೊಂದೇ ದಾರಿಯೇ? ಎಣ್ಣೆ ಹೆಚ್ಚು ತೆಗೆದರೂ ಲೆಕ್ಕ ಇಳಿಯುತ್ತದಲ್ಲ. ಒಂದು ಮಧ್ಯಾಹ್ನ, ವರ್ನಾ ನೀರಿನ ಟ್ಯಾಂಕಿನ ಬಳಿ ಇದ್ದಾಗ, ಅವನು ತನ್ನ ಕಟ್ಟೆಯ ಎರಡು ಬಾವಿಗಳ ಪಂಪಿನ ವೇಗ ಏರಿಸಿದ.

ಎಣ್ಣೆ ಏರಿತು. ಸಂಜೆಯ ಹೊತ್ತಿಗೆ ಅಂಕಿ ನೋಡಿ ಅವನಿಗೆ ಕುಣಿಯುವಂತಾಯಿತು. ಆ ರಾತ್ರಿ ಸ್ವಂತ ಹಾಸಿಗೆಯಲ್ಲಿ ಗೊರಕೆ ಹೊಡೆದು ಮಲಗಿದ.

ಬೆಳಿಗ್ಗೆ ಬಂದಾಗ ಒಂದು ಪಂಪು ಹಲ್ಲು ಕಡಿಯುವವರಂತೆ ಕಟಕಟ ಎನ್ನುತ್ತಿತ್ತು. ವರ್ನಾ ಆಗಲೇ ಅದರ ಪಕ್ಕ ನಿಂತು, ಕೈಗವಸು ತೆಗೆದು ಕೊಳವೆಯ ಹೊದಿಕೆಗೆ ಅಂಗೈ ಒತ್ತಿದ್ದಳು.

“ಮಡು ಎಲ್ಲಿ?” ಎಂದಳು.

ಕೆಳಗಿನ ಕೊಳವೆಯ ಮೇಲೆ ಸದಾ ಕರಗಿದ ಎಣ್ಣೆ ಮತ್ತು ನೀರಿನ ಒಂದು ಮಡು ನಿಂತಿರಬೇಕು. ಮೇಲಿನ ಹಬೆ ಕೆಳಗಿನ ಕೊಳವೆಗೆ ನುಗ್ಗದಂತೆ ತಡೆಯುವ ಮುಚ್ಚಳ ಅದೇ. ಅದನ್ನು ಉಳಿಸಿಕೊಂಡು ಎಳೆಯುವುದೇ ಈ ಕಸುಬಿನ ಮುಖ್ಯ ಪಾಠ.

“ಸ್ವಲ್ಪ ಇಳಿದಿರಬಹುದು,” ಎಂದ ಲೂಸಿಯನ್.

“ಸ್ವಲ್ಪ? ಬಟ್ಟಲು ನೆಕ್ಕಿ ಇಟ್ಟಿದ್ದೀಯ. ನಾವು ಕೆಳಗೆ ಕಳಿಸಿದ ಹಬೇನ ನಾವೇ ಮೇಲಕ್ಕೆ ಎಳ್ಕೊತಾ ಇದ್ದೀವಿ. ನೆಲಕ್ಕೆ ಅದರ ವಾಸನೆ ಕೂಡ ಸಿಕ್ತಿಲ್ಲ.”

“ಎಣ್ಣೆ ಜಾಸ್ತಿ ಬಂದ್ರೆ...”

“ಬಂತಲ್ಲ, ನಾಳಿನದು ನಿನ್ನೆ ಬಂತು. ಪಂಪು ಇಳಿಸು. ಇನ್ನೂ ಇಳಿಸು. ಹೂಂ, ಅಷ್ಟೇ. ಇನ್ನು ಮಡು ತುಂಬೋವರೆಗೂ ಅದನ್ನ ಮುಟ್ಟಿದ್ರೆ ಕೈ ಕತ್ತರಿಸ್ತೀನಿ.”

ಮಡು ತುಂಬಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟು ದಿನ ಎಣ್ಣೆ ತೊಟ್ಟಿಕ್ಕಿತು. ಕಷ್ಟಪಟ್ಟು ಇಳಿಸಿದ ಲೆಕ್ಕ ಮತ್ತೆ ಮೇಲೇರಿತು. ಡಂಕನ್ ಫೋನಿನಲ್ಲಿ ಏನಾಯಿತೆಂದು ಕೇಳಿದಾಗ ವರ್ನಾ ಸುಳ್ಳು ಹೇಳಲಿಲ್ಲ, ಹೆಸರನ್ನೂ ಹೇಳಲಿಲ್ಲ. “ಒಬ್ಬ ಆತುರಪಟ್ಟ. ಅವನು ನನ್ನ ಕೈಕೆಳಗಿನವನು. ಮುಂದೇನು ಹೇಳಿ,” ಎಂದಳು. ಲೂಸಿಯನ್ ಅಲ್ಲೇ ನಿಂತಿದ್ದ. ಆಕೆ ಅವನತ್ತ ತಿರುಗಿ ಎರಡನೆಯ ಬಾಯ್ಲರಿನ ಕವಾಟಗಳನ್ನು ನೋಡಿ ಬರಲು ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಇನ್ನು ಉಳಿದದ್ದು ಸೋರಿಕೆ ಮುಚ್ಚುವುದು. ನಾಲ್ಕನೆಯ ಕಟ್ಟೆ ಎಲ್ಲಕ್ಕಿಂತ ದೂರದ್ದು. ಅದಕ್ಕೆ ಹೋಗುವ ಹಬೆ ಕೊಳವೆ ಕಾಡಿನ ನಡುವೆ, ಸರೋವರದ ಅಂಚಿನಲ್ಲಿ, ಕಂಬಗಳ ಮೇಲೆ ಹಾಯುತ್ತಿತ್ತು. ದಾರಿಯಲ್ಲಿ ಕಳೆದುಕೊಂಡ ಬಿಸಿಯಷ್ಟೂ ಹಬೆ ನೀರಾಗಿಬಿಡುತ್ತದೆ. ನೀರು ಡಾಂಬರನ್ನು ಕರಗಿಸುವುದಿಲ್ಲ. ಹಿಮ ಬಿದ್ದ ಮರುದಿನ ಕೊಳವೆಯ ಗುಂಟ ನಡೆಯುವುದು ವರ್ನಾಳ ಪದ್ಧತಿ. ಬಿಸಿಯನ್ನು ತೋರಿಸುವ ಕ್ಯಾಮರಾವನ್ನು ಕಂಪನಿ ಕೊಡಿಸಿತ್ತು, ಆದರೆ ಹಿಮದ ವರದಿಗೆ ಬ್ಯಾಟರಿ ಬೇಡ. ಕೊಳವೆಯ ಬೆನ್ನಿನ ಮೇಲೆ ಹಿಮ ಎಲ್ಲೆಲ್ಲಿ ನಿಂತಿದೆಯೋ ಅಲ್ಲಿ ಹೊದಿಕೆ ಭದ್ರ. ಎಲ್ಲಿ ಕರಗಿದೆಯೋ, ಎಲ್ಲಿ ಕೆಳಗೆ ಹಿಮದ ಕೋಲು ಇಳಿದಿದೆಯೋ ಅಲ್ಲಿ ತಗಡಿನೊಳಗೆ ಬಿಸಿ ಹಿಡಿದಿಡುವ ಉಣ್ಣೆ ಒದ್ದೆಯಾಗಿದೆ ಇಲ್ಲವೇ ತಗಡು ಬಿಟ್ಟಿದೆ. ಅಲ್ಲೊಂದು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿ ಮುಂದೆ ಹೋಗುತ್ತಿದ್ದಳು. ಪಟ್ಟಿ ಕೂಡ ಹಳೆಯ ಕೆಲಸದಂಗಿಗಳನ್ನು ಹರಿದು ಮಾಡಿದ್ದು.

ಆ ಸಲ ಲೂಸಿಯನ್‌ನನ್ನೂ ಕರೆದುಕೊಂಡು ಹೋದಳು. ಉಸಿರು ಗಡ್ಡದ ಮೇಲೆ ಬಿಳಿಯಾಗಿ ಕಟ್ಟುವ ಚಳಿ. ಬಿಸಿಗೆ ಕೊಳವೆ ಹಿಗ್ಗುತ್ತದೆಂದು ಅಲ್ಲಲ್ಲಿ ಅದನ್ನು ಬಾಗಿಲ ಚೌಕಟ್ಟಿನಂತೆ ಮೇಲೆ ಎಬ್ಬಿಸಿ ಮತ್ತೆ ಇಳಿಸಿರುತ್ತಾರೆ. ಸರೋವರಕ್ಕೆ ಹತ್ತಿರದ ಅಂಥದೊಂದು ತಿರುವಿನಲ್ಲಿ ವರ್ನಾ ನಿಂತಳು.

ಅಲ್ಲಿ, ಎದೆಯ ಎತ್ತರದಲ್ಲಿ, ಒಂದು ತೋಳಿನಷ್ಟು ಉದ್ದಕ್ಕೆ ತಗಡು ಇರಲಿಲ್ಲ. ಬಿದ್ದುಹೋದದ್ದಲ್ಲ, ನೆಟ್ಟಗೆ ಕತ್ತರಿಸಿದ್ದು. ಒಳಗಿನ ಉಣ್ಣೆಯ ಪದರಗಳಲ್ಲಿ ಮೇಲಿನವನ್ನು ಬಿಡಿಸಿ, ಕೊನೆಯದನ್ನು ಮಾತ್ರ ಉಳಿಸಿತ್ತು. ಕೈ ಇಟ್ಟರೆ ಸುಡದು, ಆದರೆ ತೆಗೆಯಲು ಮನಸ್ಸಾಗದು. ಕೆಳಗಿನ ಹಿಮ ತುಳಿದು ಗಟ್ಟಿಯಾಗಿತ್ತು. ತಗಡಿನ ಅಂಚಿನಲ್ಲಿ ಮೀನಿನ ಒಂದು ಹುರುಪೆ ಅಂಟಿ ಹೊಳೆಯುತ್ತಿತ್ತು.

ನೋಡಿದ ಕೂಡಲೇ ಲೂಸಿಯನ್‌ಗೆ ತಿಳಿಯಿತು.

“ಯಾರ ಕೆಲಸ ಇದು?” ಎಂದಳು ವರ್ನಾ.

“ನರಿ ಇರಬಹುದು. ಬೆಚ್ಚಗಿರುತ್ತಲ್ಲ, ಬಂದು ಕೆರೀತವೆ.”

“ತಗಡಿನ ಕತ್ತರಿ ಹಿಡಿಯೋ ನರಿ?”

ಆಕೆ ಹುರುಪೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. “ಇದೊಂದರಿಂದ ನಿನ್ನ ಕಟ್ಟೆ ಮುಳುಗಲ್ಲ. ಇಂಥವು ನಲವತ್ತು ಸೇರಿದ್ರೆ ಮುಳುಗುತ್ತೆ. ಯಾವುದು ನಲವತ್ತನೇದು ಅಂತ ಯಾವ ತೂತಿನ ಮೇಲೂ ಬರೆದಿರಲ್ಲ. ಎಲ್ಲಾನೂ ಮುಚ್ಬೇಕು.” ಕಿತ್ತಳೆ ಪಟ್ಟಿ ಕಟ್ಟಿದಳು. “ಮುಂದೆ ನಡಿ.”

ಪಾಳಿ ಮುಗಿದ ಮೇಲೆ ಲೂಸಿಯನ್ ನೇರವಾಗಿ ಸರೋವರಕ್ಕೆ ಹೋದ. ಫಿಲೊಮೆನ್ ಅತ್ತೆ ಮಂಜುಗಡ್ಡೆಯ ಮೇಲೆ, ತೂತಿನ ಪಕ್ಕ, ಜಾರುಬಂಡಿಗೆ ಬೆನ್ನು ಕೊಟ್ಟು ಕೂತು ಪೈಪು ಸೇದುತ್ತಿದ್ದಳು. ಅವನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಆಗು ಎಂದವರಿಗೆ ಮತ್ತೆ ಚಹಾ ಕೊಡಲಿಲ್ಲ. ಮಂಜುಗಡ್ಡೆಯ ಕೆಳಗೆ ಬಲೆ ಬಿಟ್ಟು ಬಿಳಿಮೀನು ಹಿಡಿಯುವುದನ್ನು ಆ ದಂಡೆಯಲ್ಲಿ ಇನ್ನೂ ಬಿಡದವಳು ಆಕೆಯೊಬ್ಬಳೇ.

“ಬಾ ಮರಿ. ಮುಖ ಯಾಕೆ ಸುಟ್ಟ ರೊಟ್ಟಿ ಥರ ಮಾಡ್ಕೊಂಡಿದ್ದೀಯ?”

“ಅತ್ತೆ, ಆ ಕೊಳವೆ ತಗಡು ಕತ್ತರಿಸಿದ್ದು ನೀನೇ ತಾನೆ?”

“ಯಾವ ಕೊಳವೆ? ಓ, ನನ್ನ ಬೋನಿನ ದಾರಿ ಮೇಲೆ ಮಲಗಿದೆಯಲ್ಲ, ಅದಾ? ಹೂಂ.”

“ಹೂಂ ಅಂತೀಯಲ್ಲ! ಅದು ಕಂಪನೀದು.”

“ಕೊಳವೆ ಕಂಪನೀದು. ಅದರ ಕೆಳಗಿನ ಜಾಗ ಯಾರದು? ಅಲ್ಲಿ ನನ್ನ ಗುಡಿಸಲಿತ್ತು, ಒಣಗಿದ ಮರ ಇತ್ತು. ಬಲೆ ಎತ್ತಿದ್ಮೇಲೆ ಬೆಂಕಿ ಹಾಕಿ ಬಲೆ, ಕೈ ಎರಡೂ ಕಾಯಿಸ್ಕೊತಿದ್ದೆ. ಎಲ್ಲಾ ಬೋಳಿಸಿ ಹೋದ್ರು. ಅದಕ್ಕೆ ಸ್ವಲ್ಪ ಬಿಸಿ ತಗೋತೀನಿ. ಬಾಡಿಗೆ ಅಂದ್ಕೊ.”

ನೀರಿನಿಂದ ಎತ್ತಿದ ಬಲೆ ಆ ಚಳಿಯಲ್ಲಿ ನೋಡುನೋಡುತ್ತಲೇ ಹಲಗೆಯಂತಾಗುತ್ತದೆ. ಹಾಗೆಯೇ ಮಡಿಸಿದರೆ ಎಳೆ ಮುರಿಯುತ್ತದೆ. ಬಿಡಿಸಲು ಕೈಗವಸು ತೆಗೆಯಬೇಕು. ಅತ್ತೆಯ ಬೆರಳುಗಳು ಗಂಟುಗಂಟಾಗಿ, ಒಣಶುಂಠಿಯಂತೆ ಒಂದು ಕಡೆಗೆ ತಿರುಗಿದ್ದವು. ಲೂಸಿಯನ್ ಅವುಗಳನ್ನು ನೋಡದಿರಲು ಪ್ರಯತ್ನಿಸುತ್ತ ಎಲ್ಲವನ್ನೂ ಹೇಳಿದ: ಕಟ್ಟೆ, ತಿಂಗಳ ಸರಾಸರಿ, ತಾನು ಪಂಪು ಏರಿಸಿ ಕೆಡಿಸಿದ್ದು, ಕಿತ್ತಳೆ ಪಟ್ಟಿ.

ಅತ್ತೆ ಪೈಪನ್ನು ಮಂಜುಗಡ್ಡೆಗೆ ಬಡಿದು ಬೂದಿ ಉದುರಿಸಿದಳು. “ಅಂದ್ರೆ ನಾನು ನಿನ್ನ ತಟ್ಟೆಯಿಂದಲೇ ಕದೀತಿದ್ದೆ ಅನ್ನು.”

“ಹಾಗಲ್ಲ...”

“ಹಾಗೇ. ಮುಂಚೆ ಹೇಳ್ಬೇಕಿತ್ತು ಕತ್ತೆ. ಇನ್ನು ಹೋಗಲ್ಲ ಬಿಡು. ಆ ನಿನ್ನ ಮುದುಕಿಗೆ ಹೇಳು, ಮುಚ್ಕೊಳ್ಳಲಿ.” ಎದ್ದು ಬಲೆಯ ಹಗ್ಗಕ್ಕೆ ಕೈ ಹಾಕಿದಳು. ಲೂಸಿಯನ್ ಎಳೆಯಲು ಬಂದರೆ ಮೊಣಕೈಯಿಂದ ತಳ್ಳಿದಳು. “ನಿನ್ನ ಕೈ ಪಂಪಿಗೆ ಸರಿ. ಬಲೆಗೆ ಬೇಡ, ಆತುರ ಜಾಸ್ತಿ.”

ಆ ರಾತ್ರಿ ಅವನಿಗೆ ಸ್ವಂತ ಹಾಸಿಗೆಯೂ ಹಿತವಾಗಲಿಲ್ಲ.

ತಗಡಿನ ಕೆಲಸದವರು ಬಂದು ಕಿತ್ತಳೆ ಪಟ್ಟಿ ಕಟ್ಟಿದ್ದೆಡೆಯಲ್ಲೆಲ್ಲ ಹೊದಿಕೆ ಸರಿಪಡಿಸಿದರು. ಸರೋವರದ ತಿರುವಿನ ಹತ್ತಿರ ಬಂದಾಗ ವರ್ನಾ ಅವರನ್ನು ಮುಂದಕ್ಕೆ ಕಳಿಸಿದಳು. “ಅದನ್ನ ನಾನೇ ನೋಡ್ಕೊತೀನಿ. ನೀವು ಗಂಟೆ ಲೆಕ್ಕದಲ್ಲಿ ದುಡ್ಡು ಕೇಳೋರು.” ಮರುದಿನ ಊಟದ ಹೊತ್ತಿನಲ್ಲಿ ಆಕೆ ಗುಜರಿಗೆ ಹಾಕಿದ್ದ ಒಂದು ಹಳೆಯ ಸಾಮಾನಿನ ಪೆಟ್ಟಿಗೆಯ ಬಿಜಾಗರಿಗಳನ್ನು ಬಿಚ್ಚುತ್ತಿದ್ದುದನ್ನು ಲೂಸಿಯನ್ ಕಂಡ. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆಕೆ ಸದಾ ಏನನ್ನಾದರೂ ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಆ ತಿರುವಿನ ಕಡೆಗೆ ಅವನು ಮಾತ್ರ ಹೋಗಲಿಲ್ಲ. ಹೊಸ ತಗಡು ಮುಚ್ಚಿದ್ದನ್ನು ನೋಡುವ ಮನಸ್ಸಿರಲಿಲ್ಲ.

ತಿಂಗಳ ಉಳಿದ ದಿನಗಳನ್ನು ಎಲ್ಲರೂ ಉಸಿರು ಹಿಡಿದು ಕಳೆದರು. ಮಡು ತುಂಬಿದ ಬಾವಿ ಹದಕ್ಕೆ ಬಂತು. ವರ್ನಾ ಪಂಪನ್ನು ಏರಿಸಿದಳು, ಆದರೆ ಉಪ್ಪು ಹಾಕುವವರಂತೆ, ಚಿಟಿಕೆ ಚಿಟಿಕೆಯಾಗಿ. ಪ್ರತಿ ಚಿಟಿಕೆಯ ನಂತರ ಕೊಳವೆಗೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಲೂಸಿಯನ್ ಪಕ್ಕದಲ್ಲಿ ನಿಂತು ತಾನೂ ಅಂಗೈ ಇಡಲು ಕಲಿತ. ಆಕೆ ಕಲಿಸಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ದಿನ ಅವನ ಕೈ ಆಕೆಗಿಂತ ಮುಂಚೆಯೇ ‘ಸಾಕು’ ಎಂದಿತು. “ಹೂಂ,” ಎಂದಳು ವರ್ನಾ. ಆ ಒಂದು ಹೂಂ ಅನ್ನು ಅವನು ಮನೆಗೆ ಹೋಗಿ ಹೆಂಡತಿಗೆ ವರದಿ ಮಾಡಿದ.

ಮಾರ್ಚ್ ತಿಂಗಳ ಮೊದಲ ದಿನ ಫೋನು ಮತ್ತೆ ಮೇಜಿನ ಮೇಲೆ ಕೂತಿತು. ಡಂಕನ್ ಲೆಕ್ಕ ಓದಿದ. ನಾಲ್ಕಕ್ಕೆ ಕೂದಲೆಳೆಯಷ್ಟು ಕೆಳಗೆ.

ಕೋಣೆಯಲ್ಲಿ ಯಾರೋ ಮೇಜು ಬಡಿದರು. ಲೂಸಿಯನ್ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಹೇಗೆ ಮಾಡಿದ್ರಿ, ವರ್ನಾ?”

“ಚೆಲ್ಲೋದು ನಿಲ್ಲಿಸಿದ್ವಿ.”

“ಅಷ್ಟೇನಾ? ಇಲ್ಲಿ ಕೇಳ್ತಾರೆ, ಏನಾದ್ರೂ ದೊಡ್ಡದಾಗಿ ಹೇಳ್ಬೇಕು ನಾನು.”

“ದೊಡ್ಡದಾಗಿ ಹೇಳಿ. ಅದಕ್ಕೆ ಗ್ಯಾಸು ಖರ್ಚಾಗಲ್ಲ.” ಆಮೇಲೆ ಸ್ವರ ಬದಲಿಸದೆ, “ಕಟ್ಟೆ ಇರುತ್ತೆ ತಾನೆ?” ಎಂದಳು.

“ಇರುತ್ತೆ. ಬಾಯ್ಲರೂ, ಪಾಳಿಯೂ. ಬೇಸಿಗೆ ಕಳೀಲಿ, ಆಮೇಲೆ ಮತ್ತೆ ನೋಡೋಣ ಅಂತಾರೆ.”

“ಬೇಸಿಗೇಲಿ ಲೆಕ್ಕ ಇನ್ನೂ ಇಳಿಯುತ್ತೆ,” ಎಂದು ಫೋನು ಇಟ್ಟು, ಮೇಜು ಬಡಿದವನ ಕಡೆ ತಿರುಗಿದಳು: “ಸಂತೋಷ ಮುಗಿದಿದ್ರೆ ಆ ದೀಪ ಆರಿಸು. ಹಗಲಾಗಿದೆ.”

ಸಂಜೆ ಲೂಸಿಯನ್ ಅತ್ತೆಯ ಮನೆಗೆ ಸುದ್ದಿ ತಲುಪಿಸಲು ಹೋದ. ಆಕೆ ಬಾಣಲೆಯಲ್ಲಿ ರೊಟ್ಟಿ ಹೊರಳಿಸುತ್ತಿದ್ದಳು. ಸುದ್ದಿ ಕೇಳಿ ತಲೆಯಾಡಿಸಿ, ಹೊರಗಿನ ಹಿಮದ ಗೂಡಿನಿಂದ ಸ್ವಚ್ಛ ಮಾಡಿದ ದೊಡ್ಡದೊಂದು ಬಿಳಿಮೀನು ತಂದು ಕಾಗದದಲ್ಲಿ ಸುತ್ತಿದಳು.

“ಇದು ನಿನಗಲ್ಲ, ಬಾಯಿ ಮುಚ್ಚು. ಆ ಮುದುಕಿಗೆ. ಬಾಗಿಲು ಮಾಡಿಕೊಟ್ಟಿದ್ದಕ್ಕೆ.”

“ಯಾವ ಬಾಗಿಲು?”

“ಕೊಳವೆಗೆ. ನಿನಗೆ ಗೊತ್ತಿಲ್ವಾ? ನೀನು ಬಂದು ಅತ್ತು ಹೋದ ಮಾರನೇ ದಿನಾನೇ ಬಂದಿದ್ಲು, ಮಂಜುಗಡ್ಡೆ ಮೇಲೆ, ಒಬ್ಬಳೇ. ಕೈ ತೋರ್ಸು ಅಂದ್ಲು. ತೋರ್ಸ್ದೆ. ಬಲೆ ಬಿಡಿಸ್ಕೊಳ್ಳೋಕೆ ಎಷ್ಟೊತ್ತು ಬೇಕು ಅಂದ್ಲು. ಒಂದು ಪೈಪು ಸೇದೋಷ್ಟು ಅಂದೆ. ಅರ್ಧ ಪೈಪು ಸೇದು ಅಂದ್ಲು.” ಅತ್ತೆ ಹಲ್ಲಿಲ್ಲದ ಕಡೆಯಿಂದ ನಕ್ಕಳು. “ಅಬ್ಬಾ, ಎಂಥಾ ಜಿಪುಣಿ! ತೆಗೆದಾದ್ಮೇಲೆ ಚಿಲಕ ಹಾಕಿ ಹೋಗ್ಬೇಕಂತೆ. ಹಾಕ್ತೀನಿ. ಆದ್ರೆ ಬಾಗಿಲಿನ ಅಂಚು ಚೂಪು, ಬಲೆ ಸಿಕ್ಕಿ ಹರೀತದೆ. ಹೇಳು ಅವಳಿಗೆ.”

ಅಂದರೆ ತಿಂಗಳ ಅತ್ಯಂತ ಬಿಗಿಯಾದ ದಿನಗಳಲ್ಲಿ, ಆ ಕೂದಲೆಳೆ ಇದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದಾಗ, ಆ ತೂತು ತೆರೆಯುತ್ತ ಮುಚ್ಚುತ್ತ ಇತ್ತು.

ಬೆಳಿಗ್ಗೆ ಲೂಸಿಯನ್ ಮೀನನ್ನು ವರ್ನಾಳ ಮೇಜಿನ ಮೇಲಿಟ್ಟ. “ಅತ್ತೆ ಕಳಿಸಿದ್ದು. ಅಂಚಿಗೆ ಬಲೆ ಸಿಕ್ಕಿ ಹರೀತದಂತೆ.”

ಆಕೆ ಕಾಗದ ಬಿಡಿಸಿ ಮೀನನ್ನು ಕೈಯಲ್ಲಿ ತೂಗಿ ನೋಡಿದಳು. “ತಲೆ ಯಾಕೆ ತೆಗೆದ್ರು? ಸಾರಿಗೆ ಆಗ್ತಿತ್ತು.” ಕಾಗದವನ್ನು ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದಳು. ಅಂಚಿನ ವಿಷಯ ಎತ್ತಲಿಲ್ಲ. “ಮೂರನೇ ಬಾವಿ ನೋಡಿ ಬಾ,” ಎಂದಳು.

ಮಧ್ಯಾಹ್ನ ಕಟ್ಟೆಯಿಂದ ಹಿಂದಿರುಗುವಾಗ ಸರೋವರದ ತಿರುವಿನಲ್ಲಿ ಆಕೆಯ ವಾಹನ ನಿಂತಿರುವುದು ಕಂಡಿತು. ಲೂಸಿಯನ್ ತನ್ನದನ್ನು ದೂರದಲ್ಲೇ ನಿಲ್ಲಿಸಿ, ಮರಗಳ ನಡುವೆ ನಡೆದು ಬಂದ.

ಹೊಸ ತಗಡಿನ ನಡುವೆ ಒಂದು ಪುಟ್ಟ ಬಾಗಿಲು. ಒಳಮೈಗೆ ದಪ್ಪವಾಗಿ ಉಣ್ಣೆ ಹೊಲಿದಿತ್ತು. ಸಾಮಾನಿನ ಪೆಟ್ಟಿಗೆಯ ಬಿಜಾಗರಿ, ಅದೇ ಪೆಟ್ಟಿಗೆಯ ಚಿಲಕ. ಚಿಲಕದ ನಾಲಿಗೆಗೆ ಗಂಟುಬಿದ್ದ ಬೆರಳೂ ಎಳೆಯಬಹುದಾದಂಥ ದೊಡ್ಡ ಬಳೆ ಸೇರಿಸಿತ್ತು. ಬಾಗಿಲು ಹಾರು ಹೊಡೆದಿತ್ತು. ಬಿಸಿ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು. ವರ್ನಾ ಅದರ ಮುಂದೆ ನಿಂತು ಅರದಿಂದ ಅಂಚು ಉಜ್ಜುತ್ತಿದ್ದಳು, ಅವಸರವಿಲ್ಲದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ.

“ಬಾಗಿಲು ಮುಚ್ಚಿಟ್ಟು ಉಜ್ಜಬಹುದಲ್ಲ,” ಎಂದ ಲೂಸಿಯನ್.

ಆಕೆ ತಿರುಗಿ ನೋಡಲಿಲ್ಲ. “ಮುಚ್ಚಿದ್ರೆ ಒಳಗಿನ ಅಂಚು ಕಾಣಲ್ಲ. ನಿನಗೆ ಕೆಲಸ ಇಲ್ವಾ?”

ಅವನು ಹೋಗಲಿಲ್ಲ. ಆಕೆ ಅರವನ್ನು ಜೇಬಿಗೆ ಸೇರಿಸಿ, ತನ್ನ ಉಣ್ಣೆಯ ಕೈಗವಸನ್ನು ತೆಗೆದು, ಅದನ್ನು ಅಂಚಿನ ಉದ್ದಕ್ಕೂ ಮೆಲ್ಲಗೆ ಎಳೆದಳು. ಕೊನೆಯ ಮೂಲೆಯಲ್ಲಿ ಒಂದು ಎಳೆ ಸಿಕ್ಕಿಕೊಂಡು ಎದ್ದಿತು. ಅರವನ್ನು ಮತ್ತೆ ಹೊರತೆಗೆದಳು.